ಹೊಲಿಗೆಯಲ್ಲಿ ಒಪ್ಪಿಗೆಯೂ ಒಂದು ಗುಣ

ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯನ್ನು ಕಲಿಸುವುದು ಬಹುಕಾಲದ ಪದ್ಧತಿಯು. ಆದರೆ ಎಳೆಗಳ ಸಮತೆಗೂ ಅಂಚಿನ ಚೊಕ್ಕತನಕ್ಕೂ ಸಲ್ಲುವ ಮನ್ನಣೆಯು, ಉಡುಪು ಮೈಗೆ ಒಪ್ಪುವ ಗುಣಕ್ಕೆ ಅನೇಕ ವೇಳೆ ಸಲ್ಲುವುದಿಲ್ಲ. ಇದು ತಕ್ಕುದಲ್ಲವೆಂದು ನನ್ನ ಅಭಿಪ್ರಾಯವು.

ಬಟ್ಟೆಯು ಚಪ್ಪಟೆಯಾದುದು, ಶರೀರವಾದರೋ ಉಬ್ಬುತಗ್ಗುಗಳುಳ್ಳದ್ದು. ಇವೆರಡನ್ನೂ ಹೊಂದಿಸುವುದೇ ಡಾರ್ಟ್ ಎಂಬ ಮೊನೆಯುಳ್ಳ ಮಡಿಕೆಯ ಕೆಲಸವು. ಎದೆಯ ಸುತ್ತಳತೆ 32 ಅಂಗುಲ, ಸೊಂಟದ್ದು 26 ಅಂಗುಲವಾದರೆ, ವ್ಯತ್ಯಾಸವು 6 ಅಂಗುಲ. ಮುಂದೆರಡು, ಹಿಂದೆರಡು ಡಾರ್ಟುಗಳು ತಲಾ 1 ಅಂಗುಲವನ್ನು ಅಡಗಿಸಿಕೊಂಡರೆ, ಉಳಿದ 2 ಅಂಗುಲಗಳನ್ನು ಎರಡು ಪಕ್ಕಗಳ ಹೊಲಿಗೆಗೆ ಹಂಚಬಹುದು. ಮುಂಭಾಗದ ಡಾರ್ಟಿನ ಮೊನೆಯು ಎದೆಯುಬ್ಬಿಗೆ ಸುಮಾರು 1 ಅಂಗುಲ ಈಚೆಗೇ ನಿಲ್ಲಬೇಕು. ಮುಂದುವರಿದರೆ ಬಟ್ಟೆಯು ಕೊಕ್ಕಿನಂತೆ ಚೂಪಾಗುವುದು.

ಇಷ್ಟಾದರೂ ರವಕೆಯು ಒಪ್ಪದಿದ್ದರೆ, ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಸುಕ್ಕುಗಳನ್ನು ಓದಬೇಕು. ಬಿಗಿದು ಸೆಳೆದ ಸುಕ್ಕು ಬಟ್ಟೆ ಸಾಲದೆಂದೂ, ಜೋಲುಬಿದ್ದ ಮಡಿಕೆ ಬಟ್ಟೆ ಮಿಕ್ಕಿದೆಯೆಂದೂ ಹೇಳುವುವು. ಸುಕ್ಕುಗಳು ಪಕ್ಕದಿಂದ ಎದೆಯ ಕಡೆಗೆ ಸೆಳೆದಿದ್ದರೆ ಅಲ್ಲಿ ಹೆಚ್ಚು ಬಟ್ಟೆಯೂ ಅಗಲವಾದ ಡಾರ್ಟೂ ಬೇಕು. ಕಂಕುಳ ಸುತ್ತು ಸಡಿಲವಾಗಿ ಬಾಯ್ದೆರೆದಿದ್ದರೆ ಆ ಮಿಕ್ಕ ಭಾಗವನ್ನು ಪಕ್ಕದ ಡಾರ್ಟಿಗೆ ಸಾಗಿಸಬೇಕು. ತಿದ್ದುಪಡಿಗೆ ಎಡೆಯಿರುವಂತೆ ಪಕ್ಕಗಳಲ್ಲಿ 1 ಅಂಗುಲ ಬಟ್ಟೆಯನ್ನು ಒಳಗೆ ಬಿಡುವುದು ವಿವೇಕವು. ಬೆಳೆಯುವ ಮಕ್ಕಳಿಗಂತೂ ಅದು ಮಹೋಪಕಾರವು.

ಸಿದ್ಧ ಉಡುಪುಗಳು ಎಲ್ಲೆಲ್ಲಿಯೂ ದೊರೆಯುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಆ ಕಾರಣದಿಂದಲೇ ಇದು ಹೆಚ್ಚು ಅವಶ್ಯವು. ಸಿದ್ಧ ಉಡುಪು ಕೆಲವು ಗೊತ್ತಾದ ಅಳತೆಗಳಿಗೆ ಕತ್ತರಿಸಲ್ಪಟ್ಟುದು. ಅದು ತನಗೆ ಹಿಡಿಯದಿದ್ದಾಗ ಹುಡುಗಿಯು ತನ್ನ ಮೈಯನ್ನೇ ಹಳಿದುಕೊಂಡು ಕುಗ್ಗುವಳು. ಸುಕ್ಕನ್ನು ಓದಬಲ್ಲವಳಾದರೋ, ದೋಷವು ಕತ್ತರಿಯದು, ಕಾಯದ್ದಲ್ಲವೆಂದು ತಿಳಿದು, ಬಿಚ್ಚಿ ತಿದ್ದುವಳು. ದೇವರು ಒಬ್ಬೊಬ್ಬರನ್ನು ಒಂದೊಂದು ಬಗೆಯಾಗಿ ನಿರ್ಮಿಸಿರುವಲ್ಲಿ, ಒಂದೇ ಅಚ್ಚಿಗೆ ಎಲ್ಲರೂ ಹೊಂದಬೇಕೆನ್ನುವುದು ನ್ಯಾಯವೇ?

ಯೊಪ್ಪದ ದೊರ್ಕಳು ಮೃತಳಾದಾಗ ವಿಧವೆಯರು ಅತ್ತು ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದ ಅಂಗಿಗಳನ್ನೇ. ಪರರಿಗಾಗಿ ಹೊಲಿಯುವವಳು ಅವರ ಮೈಯನ್ನು ಗೌರವದಿಂದ ಅಳೆಯಬೇಕು. ಆದಕಾರಣ ಇನ್ನುಮುಂದೆ ಹೊಲಿಗೆಯ ಪರೀಕ್ಷೆಯಲ್ಲಿ ಉಡುಪನ್ನು ಮೇಜಿನ ಮೇಲೆ ಹರಡಿ ನೋಡಿದರೆ ಸಾಲದು. ತೊಡಿಸಿ ನೋಡಿ, ಅಂಕಗಳಲ್ಲಿ ಅರ್ಧವನ್ನಾದರೂ ಒಪ್ಪಿಗೆಗೆ ಮೀಸಲಿಡಬೇಕು.