ನೆಟ್ ಎಲ್ಲಿ ನಿಂತಿದೆ?

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಲೆಡ್ಜರ್ ಹರಿದು ಹೊಸದು ಬರೆಯುತ್ತಿರಲಿಲ್ಲ. ಎಲ್ಲಿಯವರೆಗೆ ಸರಿಯಿದೆ ಎಂದು ಪುಟಪುಟಕ್ಕೂ ಗುರುತು ಹಾಕುತ್ತಾ ಹೋಗುತ್ತಿದ್ದೆವು. ಮಕ್ಕಳೇ, ಕಂಪ್ಯೂಟರಿನಲ್ಲಿ ನೆಟ್ ನಿಂತಾಗಲೂ ಮಾಡಬೇಕಾದ್ದು ಇಷ್ಟೇ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನನ್ನ ತಮ್ಮನ ಮೊಮ್ಮಗಳಿದ್ದಾಳೆ. ಕಳೆದ ತಿಂಗಳು ಒಂದು ಸಂಜೆ ಕಲಬುರಗಿಯಲ್ಲಿದ್ದ ನನಗೆ ಫೋನ್ ಮಾಡಿದಳು. "ಮುತ್ಯಾ, ಲ್ಯಾಪ್‌ಟಾಪ್‌ನಾಗ ನೆಟ್ ಬರವಲ್ದು. ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕಡೀ ದಿನ. ಅಂಗಡಿಯವರು ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು ಅಂತಾರ." ಅವಳ ಕಾಗದಪತ್ರ, ಫೋಟೋ ಎಲ್ಲ ಅದರಲ್ಲೇ ಇದ್ದವು.

ಅವಳದು ಉಬುಂಟು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಕುಟುಂಬಕ್ಕೆ ಸೇರಿದ್ದು. ಮೊದಲು ಕೇಬಲ್ ನೋಡಿಸಿದೆ, ಸರಿಯಾಗಿತ್ತು. ಆಮೇಲೆ ಟರ್ಮಿನಲ್ ತೆರೆಯಲು ಹೇಳಿದೆ.

ಅಲ್ಲಿ ನಮಗೆ ಬೇಕಾದದ್ದು 'ಪಿಂಗ್'. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಂ ಇದು. ನೀರಿನಾಳದಲ್ಲಿ ಹಡಗು ಹುಡುಕುವ ಸೋನಾರ್ ಯಂತ್ರದ ಸದ್ದೇ ಇದರ ಹೆಸರು. "ಓ" ಎಂದು ಕೂಗಿ, ಆಚೆಯಿಂದ "ಓ" ಬರುತ್ತದೆಯೇ ಎಂದು ಕೇಳುವ ಕೆಲಸ ಇದರದು. ನಿಲ್ಲಿಸಲು ಕಂಟ್ರೋಲ್ ಕೀ ಹಿಡಿದು ಸಿ ಒತ್ತಬೇಕು.

ಹತ್ತಿರದಿಂದ ದೂರಕ್ಕೆ ನಾಲ್ಕು ಸಲ ಕೂಗಿಸಿದೆ.

1. ಪಿಂಗ್ 127.0.0.1: ಕಂಪ್ಯೂಟರ್ ತನ್ನನ್ನು ತಾನೇ ಕರೆಯುವುದು. ಉತ್ತರ ಬಂತು.

2. ಪಿಂಗ್ 192.168.1.1: ಅವರ ಮನೆಯ ರೂಟರಿನ ನಂಬರು. ಉತ್ತರ ಬಂತು. ಬರದಿದ್ದರೆ ಕೇಬಲ್, ವೈಫೈ ಅಥವಾ ರೂಟರ್ ನೋಡಬೇಕಿತ್ತು.

3. ಪಿಂಗ್ 8.8.8.8: ದೂರದ ಗೂಗಲ್ ಕಂಪನಿಯ ನಂಬರು. ಇದೂ ಬಂತು. ಬರದಿದ್ದರೆ ನೆಟ್ ಕೊಡುವ ಕಂಪನಿಗೆ ಫೋನ್ ಮಾಡಬೇಕಿತ್ತು.

4. ನಂಬರಿನ ಬದಲು ವೆಬ್‌ಸೈಟಿನ ಹೆಸರು. ಈ ಹೆಸರಿನ ನಂಬರು ಸಿಗಲಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬಂತು!

ಅಂದರೆ ರಸ್ತೆ ಸರಿಯಿದೆ, ವಿಳಾಸದ ಪುಸ್ತಕ ತಪ್ಪಿದೆ. ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ನಂಬರಿನಿಂದ. ಹೆಸರು ಹೇಳಿದರೆ ನಂಬರು ಕೊಡುವುದು ಡಿಎನ್‌ಎಸ್. ನಮ್ಮ ಕಾಲದ ದಪ್ಪ ಟೆಲಿಫೋನ್ ಡೈರೆಕ್ಟರಿ ಇದ್ದಂತೆ. ಅವಳು ಹಾಸ್ಟೆಲಿನಲ್ಲಿದ್ದಾಗ ಯಾರೋ ಅಲ್ಲಿನ ಡಿಎನ್‌ಎಸ್ ನಂಬರನ್ನು ಲ್ಯಾಪ್‌ಟಾಪಿನಲ್ಲಿ ತುಂಬಿದ್ದರು. ಅದು ಹಾಸ್ಟೆಲಿನೊಳಗೆ ಮಾತ್ರ ನಡೆಯುವಂಥದ್ದು. ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಅದನ್ನು ಅಳಿಸಿ 'ಆಟೋಮ್ಯಾಟಿಕ್' ಮಾಡಿಸಿದೆ, ಕೇಬಲ್ ತೆಗೆದು ಮತ್ತೆ ಹಾಕಿಸಿದೆ. ಒಂಬತ್ತು ಗಂಟೆಗೆ ಅರ್ಜಿ ಹೋಯಿತು. ಫೋಟೋ ಒಂದೂ ಅಳಿಯಲಿಲ್ಲ.

ಒಂದು ಎಚ್ಚರಿಕೆ: ಪರಿಚಯವಿಲ್ಲದವರು ಹೇಳಿದ್ದನ್ನು ಟರ್ಮಿನಲ್‌ನಲ್ಲಿ ಟೈಪ್ ಮಾಡಬಾರದು. ಪಿಂಗ್ ಕೇಳುತ್ತದೆ ಅಷ್ಟೇ, ಏನನ್ನೂ ಅಳಿಸುವುದಿಲ್ಲ. ಎಲ್ಲ ಆಜ್ಞೆಗಳೂ ಅಷ್ಟು ಸಾಧು ಅಲ್ಲ.

ಅಜ್ಜ-ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳೊಂದಿಗೆ ಕೂತು, ನೆಟ್ ಚೆನ್ನಾಗಿರುವಾಗಲೇ ಈ ನಾಲ್ಕೂ ಪಿಂಗ್ ಮಾಡಿಸಿ. ನಿಮ್ಮ ರೂಟರಿನ ನಂಬರು ಅದರ ಅಡಿಯ ಚೀಟಿಯಲ್ಲಿರುತ್ತದೆ. ಬಂದ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೆಟ್ ಕೈಕೊಟ್ಟ ದಿನ ಹೋಲಿಸಿ ನೋಡಲು ಆ ಪುಟ ಬೇಕಾಗುತ್ತದೆ.