ಏಲಕ್ಕಿ ಮಾಲೆಯೂ ಕ್ರಿಕೆಟ್ ವೀರರೂ

ಹಾವೇರಿಯ ಏಲಕ್ಕಿ ಮಾಲೆಯ ಪರಿಚಯವಿಲ್ಲದ ವಾಚಕರು ವಿರಳವೆಂದೇ ಹೇಳಬೇಕು. ಏಲಕ್ಕಿಯನ್ನು ಒಂದೊಂದಾಗಿ ಆಯ್ದು, ದಾರಕ್ಕೆ ಪೋಣಿಸಿ, ನಡುನಡುವೆ ರೇಶಿಮೆಯನ್ನೂ ಮಣಿಗಳನ್ನೂ ಸೇರಿಸಿ ಕಟ್ಟುವ ಈ ಮಾಲೆಯು ಅದೆಷ್ಟೋ ಮಂತ್ರಿಗಳ, ಮಠಾಧೀಶರ, ಸಾಹಿತಿಗಳ ಹಾಗೂ ನಟರ ಕೊರಳನ್ನು ಸಿಂಗರಿಸಿದೆ. ಒಂದು ಸಂಜೆ ನಮ್ಮ ತಂಗಿಯ ಮಗನು ನಮ್ಮನ್ನು ಕೇಳಿದನು: “ಮಾಮಾ, ವಿರಾಟ್ ಕೋಹ್ಲಿ ಹಾವೇರಿಗೆ ಬಂದ್ರ ಎಷ್ಟು ಎಳಿ ಮಾಲಿ ಹಾಕಬೇಕು?” ಹುಡುಗನ ಪ್ರಶ್ನೆಯೆಂದು ನಕ್ಕು ಬಿಡಬಹುದಾಗಿತ್ತು, ಆದರೆ ಅದು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆಟಗಾರನಿಗೆ ಸಲ್ಲತಕ್ಕ ಗೌರವವೆಷ್ಟು? ಅದನ್ನು ಅಳೆಯುವ ಬಗೆ ಯಾವುದು?

ಮೊದಲೇ ಒಪ್ಪಿಕೊಂಡುಬಿಡುತ್ತೇವೆ, ನಾವೂ ಈ ಆಟದ ಹುಚ್ಚರೇ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸನ್ನು 6 ಓಟಗಳಿಂದ ಸೋಲಿಸಿದಾಗ, ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಎದ್ದ ಕೂಗಿನಲ್ಲಿ ನಮ್ಮ ದನಿಯೂ ಕೂಡಿತ್ತು. 2008ರಿಂದ 17 ಸಲ ಆಡಿ, 2009, 2011, 2016ರಲ್ಲಿ ಕೊನೆಯ ಪಂದ್ಯದವರೆಗೆ ಹೋಗಿ ಮುಗ್ಗರಿಸಿದ ತಂಡವು ಹದಿನೆಂಟನೆಯ ಸಲಕ್ಕೆ ಗೆದ್ದಿತೆಂದರೆ ಸಂತೋಷವಾಗದೆ ಇದ್ದೀತೇ? ಆ ಹನ್ನೊಂದು ಜನರಲ್ಲಿ ನಮ್ಮ ನಾಡಿನವರು ಮಯಾಂಕ್ ಅಗರ್ವಾಲರೊಬ್ಬರೇ. ಆದರೂ ತಂಡದ ಹೆಸರಿನಲ್ಲಿ ನಮ್ಮ ರಾಜಧಾನಿಯ ಹೆಸರಿತ್ತು. ಕೋಹ್ಲಿಯವರು ದಿಲ್ಲಿಯವರಾದರೂ ಮೊದಲ ವರ್ಷದಿಂದ ಒಮ್ಮೆಯೂ ತಂಡ ಬದಲಿಸದೆ ಆಡಿದವರು. ಇಂಥ ನಿಷ್ಠೆಗೆ ಜನರು ಮನಸೋತರೆ ಅದನ್ನು ತಪ್ಪೆನ್ನಲು ನಮ್ಮಿಂದಾಗದು.

ಈ ವೀರರಿಗೆ ಸಿಗುವ ಹಣವನ್ನು ಕಂಡು ಮೂಗು ಮುರಿಯುವ ಹಿರಿಯರುಂಟು. 2024ರ ನವೆಂಬರಿನಲ್ಲಿ ಜೆಡ್ಡಾ ಪಟ್ಟಣದಲ್ಲಿ ನಡೆದ ಹರಾಜಿನಲ್ಲಿ ರಿಷಭ್ ಪಂತರಿಗೆ 27 ಕೋಟಿ ರೂಪಾಯಿಯ ಬೆಲೆ ಬಂದಿತು. “ಮನುಷ್ಯರನ್ನು ಹರಾಜು ಹಾಕುವುದೇ?” ಎಂದು ಕೇಳುವವರು ಒಮ್ಮೆ ಬ್ಯಾಡಗಿಯ ಪೇಟೆಗೆ ಹೋಗಿ ಬರಲಿ. ಅಲ್ಲಿ ದಲಾಲರ ಅಂಗಡಿಯ ಮುಂದೆ ರಾಶಿ ಬಿದ್ದ ಚೀಲಗಳಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ವ್ಯಾಪಾರಸ್ಥರು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಬರೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಯ ಹಿರಿಮೆಯು ಬಣ್ಣದಲ್ಲಿ; ಖಾರ ಅದಕ್ಕೆ ಕಡಮೆಯೇ. ಪೇಟೆಗೆ ಬೇಕಾದದ್ದು ಬಣ್ಣ, ಆದುದರಿಂದ ಬಣ್ಣಕ್ಕೇ ಬೆಲೆ. ಆಟಗಾರರ ಹರಾಜಿನಲ್ಲಿಯೂ ಇದಕ್ಕಿಂತ ಬೇರೆಯಾದ ನ್ಯಾಯವೇನೂ ಇಲ್ಲ. ಬೆಲೆ ಬೀಳುವುದೂ ಹಾಗೆಯೇ. 2024ರ ಮಾರ್ಚಿನಲ್ಲಿ ಧಾರಣೆ ಕುಸಿದಾಗ ಅದೇ ಪೇಟೆಯಲ್ಲಿ ಬೆಳೆಗಾರರ ಸಿಟ್ಟು ಬೆಂಕಿಯಾಗಿ, ವಾಹನಗಳು ಸುಟ್ಟುಹೋದುದನ್ನು ನಾವಾರೂ ಮರೆತಿಲ್ಲ. ಆಟಗಾರನ ಮೊಣಕಾಲು ಒಮ್ಮೆ ನೊಂದರೆ, ಕಣ್ಣು ತುಸು ಮಂದವಾದರೆ, ಅವನ ಧಾರಣೆಯೂ ಇಳಿಯುತ್ತದೆ. ಆದ್ದರಿಂದ ದುಡಿಯುವ ಕೆಲವೇ ವರ್ಷಗಳಲ್ಲಿ ಅವನು ಗಳಿಸಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಬೆಲೆಯನ್ನೇ ಗುಣವೆಂದು ತಿಳಿಯುವುದು ಮಾತ್ರ ನಮ್ಮ ತಪ್ಪು.

ಗುಣವನ್ನು ನೋಡಬೇಕೆಂದರೆ ದೂರ ಹೋಗಬೇಕಾದ ಕಾರಣವಿಲ್ಲ. ನಮ್ಮ ನೆರೆಯ ಗದಗಿನ ಸುನೀಲ ಜೋಶಿಯವರು ಹುಡುಗರಾಗಿದ್ದಾಗ ನಸುಕಿನಲ್ಲೆದ್ದು ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಮತ್ತೆ ಶಾಲೆಗೆ ಮರಳುತ್ತಿದ್ದರು. ಆ ದುಡಿಮೆಯ ಫಲವು 1999ರ ಸಪ್ಟಂಬರಿನಲ್ಲಿ ನೈರೋಬಿಯಲ್ಲಿ ಕಂಡಿತು. ದಕ್ಷಿಣ ಆಫ್ರಿಕದ ಮೇಲೆ 10 ಓವರು ಚೆಂಡೆಸೆದು, ಆರರಲ್ಲಿ ಒಂದೂ ಓಟ ಕೊಡದೆ, ಒಟ್ಟು 6 ಓಟಗಳಿಗೆ 5 ಜನರನ್ನು ಅವರು ಔಟು ಮಾಡಿದರು. ಎದುರಾಳಿಗಳು 117ಕ್ಕೆ ಮುಗಿದರು. ನಮ್ಮ ಮೂರೂ ಊರುಗಳ ಬಯಲುಗಳಲ್ಲಿ ಟೆನಿಸ್ ಚೆಂಡಿನಿಂದ ಆಡುವ ಎಷ್ಟು ಹುಡುಗರಿಗೆ ಈ ಸಂಗತಿ ಗೊತ್ತು? ಕೋಹ್ಲಿಯವರ ಗಡ್ಡದ ಕತ್ತರಿಕೆಯನ್ನು ಕ್ಷೌರಿಕನಿಗೆ ವಿವರಿಸಬಲ್ಲ ಹುಡುಗನು ಅವರ ಕಾಲು ಕ್ರೀಸಿನಲ್ಲಿ ಹೇಗೆ ಸರಿಯುತ್ತದೆಂಬುದನ್ನು ನೋಡಿರುವುದಿಲ್ಲ.

ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಕಥೆ ಇನ್ನೂ ದೊಡ್ಡದು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ನಡೆದ ಟೆಸ್ಟಿಗೆ ಅವರು ನಾಯಕರು. ಬಾಬ್ ಟೇಲರರನ್ನು ಅಂಪೈರು ಔಟೆಂದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ತಾವಾಗಿ ಅವರನ್ನು ಮರಳಿ ಕರೆದರು. ಟೇಲರರೂ ಬೋಥಮರೂ ಕೂಡಿ 171 ಓಟಗಳ ಜೊತೆಯಾಟವಾಡಿದರು. ನಾವು 10 ವಿಕೆಟುಗಳಿಂದ ಸೋತೆವು. ಸೋಲಿನ ಲೆಕ್ಕ ಪುಸ್ತಕದಲ್ಲಿದೆ. ಆ ಕರೆದ ಕೈ ಮಾತ್ರ ಜನರ ನೆನಪಿನಲ್ಲಿದೆ. ಏಲಕ್ಕಿ ಮಾಲೆಗೆ ತಕ್ಕ ಕೊರಳು ಅಂಥದು.

ಇನ್ನು ಮುಖವನ್ನು ಮಾರುವ ಮಾತು. ತಂಪು ಪಾನೀಯದಿಂದ ಹಿಡಿದು ಬೂಟುಗಳವರೆಗೆ ಎಲ್ಲದಕ್ಕೂ ಆಟಗಾರನ ನಗುಮುಖ ಬೇಕು. ಅದಿರಲಿ ಎನ್ನೋಣ. ಆದರೆ ಮೊಬೈಲಿನಲ್ಲಿ ತಂಡ ಕಟ್ಟಿ ಹಣ ಹೂಡುವ ಆಟಗಳಿಗೂ ಅವೇ ಮುಖಗಳು ವರ್ಷಗಟ್ಟಲೆ ಸಾಕ್ಷಿ ನಿಂತವು. ಹುಡುಗನು ನಂಬಿದ್ದು ಕಂಪನಿಯನ್ನಲ್ಲ, ತಾನು ಮೆಚ್ಚಿದ ಮುಖವನ್ನು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡುವ ಇಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ ಕಾಯದೆ ಮಾಡಿತು. ಕಾಯದೆ ಅಂಗಡಿಯ ಬಾಗಿಲು ಮುಚ್ಚಬಲ್ಲದು. ಕಲಿತ ಚಟವನ್ನು ಬಿಡಿಸುವ ಕೆಲಸ ಮನೆಯವರದೇ.

ಈಗ ನಾವು ಹೇಳಲು ಹಿಂಜರಿಯುತ್ತಿರುವ ಸಂಗತಿಗೆ ಬರಬೇಕು. ಗೆಲುವಿನ ಮರುದಿನ, ಜೂನ್ 4ರ ಬೆಳಿಗ್ಗೆ, ಬೆಂಗಳೂರಿನಲ್ಲಿ ಮೆರವಣಿಗೆಯುಂಟೆಂಬ ಸುದ್ದಿ ಹಬ್ಬಿತು. ನಮ್ಮ ತಂಗಿಯ ಮಗನು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದನು. “ಒಂದ ದಿನದ ಮಾತು ಮಾಮಾ, ಸಿಕ್ಕ ಗಾಡಿ ಹತ್ತಿ ಹೋಗಿ ಬರ್ತೇನಿ” ಎಂದನು. ಮುಂಗಾರಿನ ಕಾಲ, ನಮ್ಮ ಬೀಜದ ಅಂಗಡಿಯ ಮುಂದೆ ಮೆಕ್ಕೆಜೋಳದ ಬೀಜಕ್ಕಾಗಿ ರೈತರು ಸಾಲುಗಟ್ಟಿದ್ದರು. “ಬಿತ್ತೋ ಹೊತ್ತಿನ್ಯಾಗ ಅಂಗಡಿ ಬಿಟ್ಟು ಎಲ್ಲಿಗೆ ಹೋಗ್ತಿ?” ಎಂದು ಗದರಿದೆವು. ಅವನು ಮುಖ ಊದಿಸಿಕೊಂಡು ಚೀಲ ಕೆಳಗಿಟ್ಟನು. ಸಂಜೆಗೆ ಸುದ್ದಿ ಬಂದಿತು. ಸುಮಾರು 35,000 ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಲಕ್ಷಗಟ್ಟಲೆ ಜನ ಕವಿದು, ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಬಹುಪಾಲು ಎಳೆಯರೇ. ಹೊರಗೆ ಹೆಣಗಳನ್ನು ಎತ್ತುತ್ತಿದ್ದಾಗ ಒಳಗೆ ಸನ್ಮಾನವೂ ನಡೆದಿತ್ತು.

ಅವನನ್ನು ತಡೆದದ್ದು ನಮ್ಮ ದೂರದೃಷ್ಟಿಯೆಂದು ಹೇಳಿಕೊಂಡರೆ ಅದು ಸುಳ್ಳಾದೀತು. ತಡೆದದ್ದು ಅಂಗಡಿಯ ಗದ್ದಲ. ಆ ದಿನ ಬಿತ್ತನೆಯ ಕಾಲವಲ್ಲದಿದ್ದರೆ ನಾವೇ ಕೈಗೆ ರೊಕ್ಕ ಕೊಟ್ಟು ಕಳಿಸುತ್ತಿದ್ದೆವೋ ಏನೋ. ಆ ಹನ್ನೊಂದು ಮನೆಗಳ ಹಿರಿಯರೂ ನಮ್ಮಂಥವರೇ. ಸಂತೋಷಕ್ಕೆ ಹೊರಟ ಮಕ್ಕಳಿಗೆ ಬೇಡವೆನ್ನಲಾರದೆ ಕಳಿಸಿದವರು. ಯಾರ ತಪ್ಪು ಎಷ್ಟೆಂದು ಅಳೆಯಲು ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ವ್ಯವಸ್ಥೆ ಮಾಡಬೇಕಾದವರ ಹೊಣೆಯನ್ನು ಅಭಿಮಾನಿಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಅಭಿಮಾನಿಗಳಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. ಆಟವನ್ನು ಹಿಂದಿನ ರಾತ್ರಿಯೇ ಕಣ್ತುಂಬ ನೋಡಿದ್ದೆವು. ಮರುದಿನ ನೋಡಬೇಕಾಗಿದ್ದುದೇನು? ಬಸ್ಸಿನ ಮೇಲೆ ನಿಂತು ಕೈಬೀಸುವ ಮನುಷ್ಯನನ್ನು. ಆಟವು ನಮಗೆ ಸಂತೋಷವನ್ನು ಕೊಟ್ಟಾಗಿತ್ತು; ಅದಕ್ಕೆ ದರ್ಶನವೂ ಬೇಕೆಂದು ನಾವೇ ಸೇರಿಸಿಕೊಂಡೆವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ: ಮಕ್ಕಳಿಗೆ ಕ್ರಿಕೆಟನ್ನು ಬೇಡವೆನ್ನಬೇಡಿರಿ. ಅವರ ಜೊತೆಯಲ್ಲಿ ಕುಳಿತು ನೋಡಿರಿ. ಈ ಚೆಂಡು ಏಕೆ ತಿರುಗಿತು, ಆ ಹಿಡಿತ ಏಕೆ ತಪ್ಪಿತು ಎಂದು ಕೇಳಿರಿ. ರವಿವಾರ ಊರ ಬಯಲಿನಲ್ಲಿ ನಡೆಯುವ ಪಂದ್ಯಕ್ಕೂ ಹೋಗಿ, ಚೆನ್ನಾಗಿ ಆಡಿದ ಓಣಿಯ ಹುಡುಗನ ಬೆನ್ನು ತಟ್ಟಿರಿ. ಆಟವನ್ನು ಬಲ್ಲವನಿಗೆ ಆಟಗಾರನು ಮನುಷ್ಯನಾಗಿಯೇ ಕಾಣುತ್ತಾನೆ. ಅಂಥವನು ದರ್ಶನಕ್ಕಾಗಿ ಪ್ರಾಣವನ್ನು ಪಣವಾಗಿಡಲಾರ.

ಹುಡುಗನ ಪ್ರಶ್ನೆಗೆ ನಮ್ಮ ಉತ್ತರವಿನ್ನೂ ಬಾಕಿಯಿದೆ. ಕೋಹ್ಲಿಯವರು ಹಾವೇರಿಗೆ ಬಂದರೆ ಮೂರೆಳೆಯ ಮಾಲೆಯನ್ನು ನಾವೇ ಕೊಂಡು ಅವನ ಕೈಯಲ್ಲಿ ಕೊಡುತ್ತೇವೆ. ಆದರೆ ಗದ್ದಲ ಕಂಡರೆ ಮಾಲೆಯೊಡನೆ ಮನೆಗೆ ಮರಳಿ ಬರಬೇಕೆಂಬ ಕರಾರಿನ ಮೇಲೆ. ಅದು ಹೂವಿನ ಮಾಲೆಯಲ್ಲ, ಸಂಜೆಗೆ ಬಾಡುವುದಿಲ್ಲ. ಇನ್ನೊಂದು ದಿನ ಹಾಕಿದರೂ ಅದರ ಪರಿಮಳ ಹಾಗೆಯೇ ಇದ್ದೀತು.