ನಿಲ್ಲಲೊಲ್ಲದ ಎಂಜಿನು

ಎಂಜಿನು ಹೊರಡಲಿಲ್ಲವೆಂದು ತಲೆಯ ಮೇಲೆ ಕೈಹೊತ್ತು ಕುಳಿತವರನ್ನು ನಾವೆಲ್ಲರೂ ಕಂಡಿದ್ದೇವೆ. ಹೊರಟ ಎಂಜಿನು ನಿಲ್ಲಲಿಲ್ಲವೆಂದು ಬೆವರಿದವರನ್ನು ವಾಚಕರಲ್ಲಿ ಎಷ್ಟು ಮಂದಿ ಕಂಡಿರುವರೋ ನಾನರಿಯೆ. ಕಳೆದ ಕಾರ್ತೀಕದಲ್ಲಿ ಆ ಯೋಗ ನನಗೊದಗಿತು.

ಚಳ್ಳಕೆರೆಯಿಂದ ಬಳ್ಳಾರಿಯ ಹೆದ್ದಾರಿ ಹಿಡಿದು ತಳಕನ್ನು ದಾಟಿ ಮುಂದೆ ಸಾಗಿದರೆ ಮೊಳಕಾಲ್ಮೂರು ಸೀಮೆ. ನಾಡಿನಲ್ಲಿ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲಿ ಇದೂ ಒಂದು. ಅಲ್ಲಿಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಶೇಂಗಾದ ಹೊಲವಿದೆ. ಹೊಲದಷ್ಟೇ ಅಭಿಮಾನದಿಂದ ಅವರು ಕಾಪಾಡಿಕೊಂಡು ಬಂದಿರುವ ಇನ್ನೊಂದು ಆಸ್ತಿ, ನಮ್ಮ ತಾತ 1970ರ ದಶಕದಲ್ಲಿ ಕೊಂಡ ಡೀಸೆಲ್ ಟ್ರಾಕ್ಟರು. ಅದರ ಬಣ್ಣ ಯಾವುದಿತ್ತೆಂಬುದು ಈಗ ಮನೆಯಲ್ಲಿ ವಿವಾದದ ವಿಷಯ.

ಅಂದು ಸಂಜೆ ಕಣದಲ್ಲಿ ಶೇಂಗಾ ಬಿಡಿಸುವ ಯಂತ್ರಕ್ಕೆ ಟ್ರಾಕ್ಟರಿನಿಂದಲೇ ಶಕ್ತಿ ಕೊಟ್ಟಿದ್ದರು. ಅತ್ತೆಯೂ ಇನ್ನಿಬ್ಬರು ಹೆಂಗಸರೂ ಬಳ್ಳಿಗಳನ್ನು ಯಂತ್ರದ ಬಾಯಿಗೆ ನೀಡುತ್ತಿದ್ದರು. ಕೆಲಸ ಮುಗಿಯಿತು. ಮಾವ ಎಂಜಿನು ನಿಲ್ಲಿಸುವ ಗುಂಡಿಯನ್ನು ಎಳೆದರು. ಗುಂಡಿ ಬಂದಿತು, ಅದರ ಹಿಂದೆ ಒಂದು ಮೊಳ ತಂತಿಯೂ ಬಂದಿತು. ಎಂಜಿನು ಮಾತ್ರ ನಿಲ್ಲಲಿಲ್ಲ.

"ಮಾವ, ಕೀಲಿಕೈ ತಿರುಗಿಸಿ," ಎಂದು ನಾನು ಕೂಗಿದೆ.

"ಏನಪ್ಪಾ ಮೇಷ್ಟ್ರೇ, ಇದೇನು ನಿನ್ನ ಸ್ಕೂಟರು ಅಂದ್ಕೊಂಡ್ಯಾ?" ಎಂದರು ಮಾವ. ಅವಸರದಲ್ಲಿಯೂ ಅವರ ಹಾಸ್ಯ ಬತ್ತಿರಲಿಲ್ಲ. ಆದರೆ ಅವರು ಮೊದಲು ಮಾಡಿದ ಕೆಲಸ ಎಂಜಿನನ್ನು ನಿಲ್ಲಿಸಲು ಹೆಣಗುವುದಲ್ಲ. ಹಿಡಿಯೊಂದನ್ನು ಸರಿಸಿ, ರೈತರು ಪಿ.ಟಿ.ಒ. ಎನ್ನುವ ಹಿಂದಿನ ದಂಡದ ತಿರುಗಾಟವನ್ನು ಬಿಡಿಸಿದರು. ಬಿಡಿಸುವ ಯಂತ್ರ ನಿಂತಿತು. ಆಮೇಲೆ ಹೆಂಗಸರನ್ನು ದೂರ ಸರಿಯಹೇಳಿದರು. ಸೀರೆಯ ಸೆರಗು, ತಿರುಗುವ ದಂಡ ಇವೆರಡರ ನಡುವೆ ಒಂದು ಗೇಣಿನ ಅಂತರವಿದ್ದುದನ್ನು ನಾನು ಆಗಲೇ ಗಮನಿಸಿದುದು.

ನನ್ನ ಸಲಹೆ ಏಕೆ ನಿಷ್ಪ್ರಯೋಜಕವಾಯಿತೆಂಬುದನ್ನು ಇಲ್ಲಿ ಹೇಳಬೇಕು. ಪೆಟ್ರೋಲ್ ಎಂಜಿನಿಗೆ ಉರಿ ಹೊತ್ತಿಸುವುದು ವಿದ್ಯುತ್ತಿನ ಕಿಡಿ. ಕಿಡಿ ತಪ್ಪಿದರೆ ಉಸಿರು ತಪ್ಪಿತು. ಡೀಸೆಲ್ ಎಂಜಿನಿಗೆ ಕಿಡಿಯೇ ಇಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಅದು 16ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಹಾಗೆ ಅದುಮಿದ ಗಾಳಿಯ ಶಾಖ 500 ಡಿಗ್ರಿ ಸೆಲ್ಷಿಯಸನ್ನು ಮೀರುತ್ತದೆ. ಆ ಬಿಸಿಗೆ ಎಣ್ಣೆಯನ್ನು ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಈಚಿನ ಯಂತ್ರಗಳಲ್ಲಿ ಕೀಲಿಕೈಯೇ ಡೀಸೆಲ್ಲನ್ನು ತಡೆಯುವ ಏರ್ಪಾಡುಂಟು. ಹಳೆಯ ಟ್ರಾಕ್ಟರಿನಲ್ಲಿ ಅದಿಲ್ಲ. ಬ್ಯಾಟರಿಯನ್ನು ಕಿತ್ತು ಹೊರಗಿಟ್ಟರೂ ಅದು ಓಡುತ್ತಲೇ ಇರುತ್ತದೆ. ಅದು ನಿಲ್ಲಬೇಕಾದರೆ ಎಣ್ಣೆ ನಿಲ್ಲಬೇಕು, ಗಾಳಿ ನಿಲ್ಲಬೇಕು, ಇಲ್ಲವೆ ಹೊರಲಾರದ ಭಾರ ಬೀಳಬೇಕು.

ಅಷ್ಟರಲ್ಲಿ ಕಣದ ಸುತ್ತ ಸಲಹೆಗಾರರ ಸಭೆ ನೆರೆದಿತ್ತು. ಒಬ್ಬರು ಟ್ಯಾಂಕಿನ ಕೆಳಗಿನ ತಿರುಪನ್ನು ಮುಚ್ಚಲು ಹೇಳಿದರು. ಮಾತು ಸರಿಯೆ, ಆದರೆ ಫಿಲ್ಟರಿನಲ್ಲಿಯೂ ಕೊಳವೆಯಲ್ಲಿಯೂ ಉಳಿದ ಎಣ್ಣೆ ತೀರಲು ನಿಮಿಷಗಳು ಹಿಡಿಯುತ್ತವೆ. ಆಮೇಲೆ ಕೊಳವೆಯೊಳಗೆ ಸೇರಿದ ಗಾಳಿಯನ್ನು ಹೊರದೂಡದೆ ಎಂಜಿನು ಮರಳಿ ಹೊರಡುವುದಿಲ್ಲ. ಇನ್ನೊಬ್ಬರು, "ಗಾಳಿ ಮುಚ್ಚಿ, ಗಾಳಿ ಮುಚ್ಚಿ!" ಎಂದರು. ಅದನ್ನು ಕೇಳಿದೊಡನೆ ಮಾವನ ಹತ್ತು ವರ್ಷದ ಮೊಮ್ಮಗ ಅಂಗೈ ಚಾಚಿ ಗಾಳಿಯ ಕೊಳವೆಯತ್ತ ಓಡಿದ. ಮಾವ ಅವನ ತೋಳು ಹಿಡಿದು ಹಿಂದಕ್ಕೆಳೆದರು. ಅವರ ಮುಖದಲ್ಲಿ ಭಯವನ್ನು ನಾನು ಕಂಡದ್ದು ಅಂದು ಅದೊಂದೇ ಕ್ಷಣ. ಎರಡೂವರೆ ಲೀಟರಿನ ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಹೆಚ್ಚುಕಡಿಮೆ 1800 ಲೀಟರು ಗಾಳಿಯನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ಮಗುವಿನ ಅಂಗೈ ಒಡ್ಡುವುದೆಂದರೇನು? ಮುಚ್ಚಲೇಬೇಕಾದರೆ ದಪ್ಪ ಹಲಗೆಯಿಂದ ಮುಚ್ಚಬೇಕು; ಕೈಯಿಂದ ಎಂದೆಂದಿಗೂ ಕೂಡದು.

ಮಾವ ಪಂಪಿನ ಬದಿಯ ಸಣ್ಣ ಹಿಡಿಯನ್ನು ಕಡ್ಡಿಯಿಂದ ತಳ್ಳಿ ನೋಡಿದರು. ತುಂಡಾದ ತಂತಿ ಎಳೆಯುತ್ತಿದ್ದುದು ಅದನ್ನೇ. ಅದು ಮಿಸುಕಲಿಲ್ಲ. ಕೊನೆಗೆ ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಸೀಟಿನ ಮೇಲೆ ಕುಳಿತರು. ವೇಗವನ್ನು ಪೂರ್ತಿ ತಗ್ಗಿಸಿ, ಮೇಲಿನ ಗೇರಿಗೆ ಹಾಕಿ, ಬ್ರೇಕುಗಳನ್ನು ಒತ್ತಿ ಹಿಡಿದು ಕ್ಲಚ್ಚನ್ನು ಬಿಟ್ಟರು. ಟ್ರಾಕ್ಟರು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಸುಮ್ಮನಾಯಿತು. ಕಣದಲ್ಲಿ ಆವರಿಸಿದ ಆ ಮೌನದಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ.

ಮರುದಿನ ಮೊಳಕಾಲ್ಮೂರಿನಿಂದ ಮೇಸ್ತ್ರಿ ಬಂದರು. ಹೊಸ ತಂತಿ ತರಿಸಿದರಾಯಿತೆಂಬುದು ನಮ್ಮೆಲ್ಲರ ನಿರ್ಣಯ. ಅವರು ಒಪ್ಪಲಿಲ್ಲ. "ತಂತಿದು ತಪ್ಪಿಲ್ಲ ಮೇಷ್ಟ್ರೇ. ಪಂಪಿನ ಹಿಡಿಯ ಕೀಲು ಬಿಗಿದೈತೆ. ಇವರು ದಿನಾ ಇನ್ನಷ್ಟು ಜೋರಾಗಿ ಎಳೆದಿದಾರೆ. ಹೊಸಾದು ಹಾಕಿದ್ರೂ ಹೀಗೇ ಹರಿಯುತ್ತೆ," ಎಂದರು. ಕೀಲನ್ನು ತೊಳೆದು, ಎಣ್ಣೆ ಕುಡಿಸಿ, ಬೆರಳಿನಿಂದಲೇ ಅದು ಕೊನೆಯವರೆಗೆ ಸರಿಯುವಂತೆ ಮಾಡಿದ ಮೇಲೆಯೇ ತಂತಿಯನ್ನು ಜೋಡಿಸಿದರು. ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದರೆಯುವುದು ವೈದ್ಯದಲ್ಲಿ ಮಾತ್ರ ನಡೆಯುವ ತಪ್ಪಲ್ಲವೆಂದು ನನಗೆ ತಿಳಿಯಿತು.

ಆಮೇಲೆ ಅವರು ಗಾಳಿ ಸೋಸುವ ಬಟ್ಟಲನ್ನು ಬಿಚ್ಚಿದರು. ಹಳೆಯ ಎಂಜಿನುಗಳಲ್ಲಿ ಧೂಳನ್ನು ಹಿಡಿಯಲು ಈ ಬಟ್ಟಲಿನಲ್ಲಿ ಎಣ್ಣೆಯಿಡುತ್ತಾರೆ. ಎಣ್ಣೆ ಗುರುತನ್ನು ಮೀರಿ ನಿಂತಿತ್ತು. "ಧೂಳು ಜಾಸ್ತಿ, ಅದಕ್ಕೇ ಒಂದಿಷ್ಟು ಜಾಸ್ತಿ ಹಾಕಿದೆ," ಎಂದರು ಮಾವ. ಮೇಸ್ತ್ರಿಯ ಮುಖ ಗಂಭೀರವಾಯಿತು.

ಅದರ ಕಾರಣವನ್ನು ತಿಳಿಯಲು ಒಂದು ಹಳೆಯ ಸಂಗತಿ ನೆರವಾಗುತ್ತದೆ. ಈ ಎಂಜಿನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅದನ್ನು ಯಶಸ್ವಿಯಾಗಿ ಓಡಿಸಿ ತೋರಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಚಿಕ್ಕ ಎಂಜಿನು ಶೇಂಗಾ ಎಣ್ಣೆಯಿಂದ ಓಡಿತು! ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯವರು ಹೆಮ್ಮೆಪಡಬಹುದಾದ ಸುದ್ದಿ. ಆದರೆ ಅದರೊಳಗೆ ಎಚ್ಚರಿಕೆಯೂ ಅಡಗಿದೆ: ಈ ಎಂಜಿನಿಗೆ ಎಣ್ಣೆಗಳಲ್ಲಿ ಭೇದವಿಲ್ಲ. ಬಟ್ಟಲಿನಲ್ಲಿ ಹೆಚ್ಚಾದ ಎಣ್ಣೆ ಗಾಳಿಯೊಡನೆ ಒಳಹೊಕ್ಕರೆ, ಅಥವಾ ಸವೆದ ಉಂಗುರಗಳ ಸಂದಿನಿಂದ ಕೀಲೆಣ್ಣೆ ಮೇಲೇರಿದರೆ, ಅದನ್ನೂ ಕುಡಿದು ಓಡುತ್ತದೆ. ಆಗ ಡೀಸೆಲ್ ಮುಚ್ಚಿ ಫಲವಿಲ್ಲ. ವೇಗ ತಾನಾಗಿಯೇ ಏರುತ್ತ ಹೋಗಿ, ಎಂಜಿನು ಒಡೆದು ಚೂರಾಗುವುದೂ ಉಂಟು.

ಎರಡನ್ನೂ ಗುರುತಿಸುವ ಬಗೆಯನ್ನು ಮೇಸ್ತ್ರಿ ಹೇಳಿಕೊಟ್ಟರು. ವೇಗದ ಹಿಡಿ ತಗ್ಗಿಸಿದರೆ ಎಂಜಿನು ತಗ್ಗುವುದೆ? ಹಾಗಾದರೆ ಅದಿನ್ನೂ ಪಂಪಿನ ಮಾತು ಕೇಳುತ್ತಿದೆ. ನಿಲ್ಲಿಸುವ ಹಿಡಿಯನ್ನೂ ತಂತಿಯನ್ನೂ ನೋಡಬೇಕು. ಹಿಡಿ ತಗ್ಗಿಸಿದರೂ ವೇಗ ಏರಿ, ದಟ್ಟ ಹೊಗೆ ಕವಿಯಿತೆ? ಎಂಜಿನು ತನ್ನದೇ ಎಣ್ಣೆ ಕುಡಿಯುತ್ತಿದೆ. ಜನರನ್ನು ದೂರ ಕಳುಹಿಸಬೇಕು. ಅಪಾಯವಿಲ್ಲದೆ ಸಾಧ್ಯವಾದರೆ ಹಲಗೆಯಿಂದ ಗಾಳಿ ಮುಚ್ಚಬೇಕು. ಸಾಧ್ಯವಿಲ್ಲದಿದ್ದರೆ ಯಂತ್ರದ ಆಸೆ ಬಿಟ್ಟು ತಾವೂ ದೂರ ನಿಲ್ಲಬೇಕು.

ಪಟ್ಟಣದ ವಾಚಕರು ಇದು ಹೊಲದವರ ಪುರಾಣವೆಂದು ಪುಟ ತಿರುವದಿರಲಿ. ನಿಮ್ಮ ವಠಾರದ ಮೂಲೆಯಲ್ಲಿ ಕರೆಂಟು ಹೋದಾಗ ಗುಡುಗುವ ಜನರೇಟರು ಇದೇ ಕುಲದ್ದು. ಅದನ್ನು ಹೊರಡಿಸುವುದು ಕಾವಲುಗಾರನಿಗೆ ಗೊತ್ತು. ಅದು ಮಾಮೂಲಿನಂತೆ ನಿಲ್ಲದಿದ್ದರೆ ಏನು ಮಾಡಬೇಕೆಂದು ಒಮ್ಮೆ ಅವನನ್ನು ಕೇಳಿ ನೋಡಿ.

ಮೇಸ್ತ್ರಿ ಹೊರಟ ಮೇಲೆ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಗುಂಡಿ ಬಿಗಿಯಾದುದು ಅವರಿಗೆ ಒಂದು ತಿಂಗಳಿನಿಂದ ತಿಳಿದಿತ್ತಂತೆ. ಮಳೆ ಕೈಕೊಟ್ಟ ವರ್ಷ. ಶೇಂಗಾ ಮಾರಿದ ಮೇಲೆ ನೋಡೋಣವೆಂದು ಮುಂದೂಡಿದ್ದರು. ರಿಪೇರಿಗೆ ಆದ ಖರ್ಚು ಐನೂರು ರೂಪಾಯಿಯನ್ನು ದಾಟಲಿಲ್ಲ. "ಐನೂರು ರೂಪಾಯಿ ಉಳಿಸೋಕೆ ಹೋಗಿ ಹುಡುಗನ ಕೈ ಕಳೀತಿದ್ದೆನಲ್ಲೋ," ಎಂದು ಕೊನೆಗೆ ಅಂದರು. ನಾನು ಯಾವ ಸಮಾಧಾನವನ್ನೂ ಹೇಳಲಿಲ್ಲ, ಹೇಳಬೇಕೆನಿಸಲೂ ಇಲ್ಲ.

ಈಗ ಅವರು ಪ್ರತಿದಿನ ಬೆಳಗ್ಗೆ ಟ್ರಾಕ್ಟರು ಹೊರಡಿಸುವ ಮುನ್ನ ನಿಲ್ಲಿಸುವ ಗುಂಡಿಯನ್ನು ಎಳೆದು, ಪಂಪಿನ ಹಿಡಿ ಸರಿಯಿತೆ ಎಂದು ಬಗ್ಗಿ ನೋಡುತ್ತಾರೆ. ಮೊಮ್ಮಗ ಮಾರುದೂರ ನಿಂತು, "ಸರೀತು ತಾತಾ," ಎನ್ನುತ್ತಾನೆ. ಆ ಮೇಲೆಯೇ ಎಂಜಿನು ಹೊರಡುತ್ತದೆ.